ಕಡಲಿಗೂ ಹೊಳೆಗೂ ನಡುವಿನ ದಾರಿ

ಉಡುಪಿ ಜಿಲ್ಲೆಯ ಮಲ್ಪೆಯಲ್ಲಿ ಸೇತುವೆ ದಾಟಿ ಪಡುಕರೆಗೆ ಇಳಿದರೆ ದಕ್ಷಿಣಕ್ಕೆ ಒಂದು ಕಿರಿದಾದ ರಸ್ತೆ ಸಾಗುತ್ತದೆ. ಬಲಗಡೆ ಅರಬ್ಬಿ ಸಮುದ್ರ, ಎಡಗಡೆ ತೆಂಗಿನ ಸಾಲಿನಾಚೆ ಉದ್ಯಾವರ ಹೊಳೆ. ಈ ಹೊಳೆ ನೆಟ್ಟಗೆ ಕಡಲಿಗೆ ಬೀಳದೆ, ದಡದ ಉದ್ದಕ್ಕೂ ಉತ್ತರಕ್ಕೆ ಹರಿದು ಮಲ್ಪೆಯಲ್ಲಿ ಸಮುದ್ರ ಸೇರುತ್ತದೆ. ನಡುವೆ ಉಳಿದ ಮರಳಿನ ಪಟ್ಟಿಯೇ ಪಡುಕರೆ. ಇಲ್ಲಿಂದ ಮಟ್ಟು ಮಾರ್ಗವಾಗಿ ಕಾಪುವಿನ ದೀಪಸ್ತಂಭಕ್ಕೆ ಸುಮಾರು 15 ಕಿ.ಮೀ. ಏರು ತಗ್ಗಿನ ಕಾಟವಿಲ್ಲ. ಸೈಕಲ್ಲಿಗೆ ಒಂದು ಬೆಳಗು ಸಾಕು. ನಡೆಯುವವರು ಮಟ್ಟುವಿಗೇ ನಿಲ್ಲಿಸಿದರೂ ನಷ್ಟವಿಲ್ಲ.

ಕಾರಿನಲ್ಲಿ ಬಂದವರಿಗೆ ಇಲ್ಲಿ ಕಡಲು ಮಾತ್ರ ಕಾಣುತ್ತದೆ. ನಿಧಾನವಾಗಿ ಹೋಗುವವರಿಗೆ ಊರೂ ಕಾಣುತ್ತದೆ: ಮರಳಿಗೆ ಎಳೆದಿಟ್ಟ ದೋಣಿ, ನೆರಳಲ್ಲಿ ಕೂತು ಹರಿದ ಬಲೆ ಸರಿಪಡಿಸುವ ಹಿರಿಯರು, ಒಣಗಲು ಹರವಿದ ಮೀನು, ಅದರ ಮೇಲೆ ಕಣ್ಣಿಟ್ಟ ಕಾಗೆ. ದಡದಲ್ಲೇ ನಿಂತು ಹಗ್ಗ ಎಳೆಯುವ ಕೈರಂಪಣಿ ಬಲೆ ಬಿದ್ದ ದಿನವಾದರೆ ಸೈಕಲ್ ತಾನಾಗಿಯೇ ನಿಲ್ಲುತ್ತದೆ. ಮಟ್ಟುವಿನದು ಗುಳ್ಳದ ಖ್ಯಾತಿ. ಹಸಿರು ಮೈಯ ಈ ದುಂಡು ಬದನೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು.

ಆದರೆ ಈ ಬದುಕು ನಿಂತಿರುವುದು ಮರಳಿನ ಮೇಲೆ. ಮಳೆಗಾಲದ ಅಲೆಗಳು ದಡದ ಮರಳನ್ನು ಕೊಂಡೊಯ್ಯುತ್ತವೆ. ಮಳೆ ಕಳೆದ ಮೇಲಿನ ಶಾಂತ ಅಲೆಗಳು ಮರಳಿ ತಂದು ಹಾಕುತ್ತವೆ. ಈ ಲೆಕ್ಕ ತಪ್ಪಿದಲ್ಲಿ ಕಡಲ್ಕೊರೆತ. ಮನೆ, ತೆಂಗು, ರಸ್ತೆ ಉಳಿಸಲು ಬಂಡೆಗಲ್ಲಿನ ತಡೆಗೋಡೆ ಹಾಕುತ್ತಾರೆ. ಗೋಡೆ ತನ್ನ ಹಿಂದಿನ ಮನೆಯನ್ನೇನೋ ಕಾಯುತ್ತದೆ. ಆದರೆ ಅದಕ್ಕೆ ಬಡಿದು ಹಿಂದಿರುಗುವ ಅಲೆ ಮುಂದಿನ ಮರಳನ್ನು ಎಳೆದೊಯ್ಯುತ್ತದೆ. ಗೋಡೆ ಮುಗಿದ ಜಾಗದಲ್ಲಿ ಕೊರೆತ ಹೆಚ್ಚುತ್ತದೆ. ಮರಳೇ ಹೋದರೆ ದೋಣಿ ಎಳೆದಿಡುವುದೆಲ್ಲಿ, ಕೈರಂಪಣಿಯ ಹಗ್ಗ ಹಿಡಿದು ನಿಲ್ಲುವುದೆಲ್ಲಿ? ಗೋಡೆಯಿಲ್ಲದೆ ಮನೆ ಉಳಿಯದು, ಗೋಡೆಯಿದ್ದರೆ ದಡ ಉಳಿಯದು ಎಂಬ ಇಕ್ಕಟ್ಟು ಇಲ್ಲಿನ ಮೀನುಗಾರ ಕುಟುಂಬಗಳದ್ದು.

ಹೋಗುವವರು ಈ ರಸ್ತೆ ಜನರ ಅಂಗಳವೂ ಹೌದೆಂಬುದನ್ನು ಮರೆಯದಿದ್ದರೆ ಒಳ್ಳೆಯದು. ಮೀನು ಹರವಿದಲ್ಲಿ, ಬಲೆ ಹಾಸಿದಲ್ಲಿ ಸೈಕಲ್ ತಳ್ಳಿಕೊಂಡು ಹೋಗಬೇಕು. ಮಳೆಗಾಲದಲ್ಲಿ ತಡೆಗೋಡೆಯ ಬಂಡೆ ಹತ್ತುವುದು, ನೀರಿಗಿಳಿಯುವುದು ಪ್ರಾಣಕ್ಕೆ ಅಪಾಯ. ನವೆಂಬರಿನಿಂದ ಫೆಬ್ರವರಿವರೆಗಿನ ಬೆಳಗು ಹಿತ. ಬಿಸಿಲೇರುವ ಮುನ್ನ ಕಾಪುವಿನಲ್ಲಿ 1901ರ ದೀಪಸ್ತಂಭದ ಬುಡ ತಲುಪಬಹುದು. ಮನೆಗೆ ಮರಳಿದ ಮೇಲೆ ಸೈಕಲ್ಲನ್ನು ಸಿಹಿನೀರಿನಲ್ಲಿ ತೊಳೆದು ಚೈನಿಗೆ ಎಣ್ಣೆ ಬಿಡಬೇಕು. ಉಪ್ಪುಗಾಳಿ ಕಬ್ಬಿಣವನ್ನೂ ಬಿಡುವುದಿಲ್ಲ.