ಅಪ್ಪನ ಮೊಬೈಲ್ ನಂಬರೇ ಪಾಸ್‌ವರ್ಡಾ?

ರಾತ್ರಿ ಮಲಗುವ ಮುಂಚೆ ಅಪ್ಪ ಮುಂಬಾಗಿಲ ಚಿಲಕವನ್ನು ಎರಡು ಸಲ ಎಳೆದು ನೋಡುತ್ತಾರೆ. ಅದೇ ಬಾಗಿಲ ಪಕ್ಕದ ಗೋಡೆಯಲ್ಲಿರುವ ವೈಫೈ ರೂಟರ್‌ಗೆ ಮಾತ್ರ ನಾಲ್ಕು ವರ್ಷಗಳಿಂದ ಅವರ ಮೊಬೈಲ್ ನಂಬರೇ ಪಾಸ್‌ವರ್ಡ್. ಕನೆಕ್ಷನ್ ಕೊಡಲು ಬಂದ ಹುಡುಗ ‘ಇದಾದ್ರೆ ಮರೆಯಲ್ಲ ಸಾರ್’ ಎಂದು ಹಾಕಿಕೊಟ್ಟು ಹೋಗಿದ್ದ. ಆ ನಂಬರ್ ಹಾಲಿನವರಿಂದ ಹಿಡಿದು ಗ್ಯಾಸ್ ತರುವವರವರೆಗೆ ಎಲ್ಲರ ಬಳಿಯೂ ಇದೆ.

ನಂಬರ್ ಗೊತ್ತಿಲ್ಲದವರಿಗೂ ಅದು ಕಷ್ಟವಲ್ಲ. ನಮ್ಮ ದೇಶದ ಮೊಬೈಲ್ ನಂಬರ್‌ಗಳು 6, 7, 8 ಅಥವಾ 9ರಿಂದ ಶುರುವಾಗುತ್ತವೆ. ಹತ್ತಂಕಿ ಎಂದರೆ ಹೆಚ್ಚೆಂದರೆ 400 ಕೋಟಿ ಸಾಧ್ಯತೆಗಳು. ನಮ್ಮ ಫೋನ್ ರೂಟರ್‌ಗೆ ಸೇರಿಕೊಳ್ಳುವಾಗ ಗಾಳಿಯಲ್ಲಿ ಹರಿದಾಡುವ ಸಂಕೇತವನ್ನು ಒಮ್ಮೆ ಹಿಡಿದಿಟ್ಟುಕೊಂಡರೆ ಸಾಕು, ಮುಂದಿನ ಕೆಲಸವನ್ನು ತಮ್ಮ ಮನೆಯಲ್ಲೇ ಕೂತು ಮಾಡಬಹುದು. ಸೆಕೆಂಡಿಗೆ ಹತ್ತು ಲಕ್ಷ ಪಾಸ್‌ವರ್ಡ್ ಪರೀಕ್ಷಿಸುವ ಗ್ರಾಫಿಕ್ಸ್ ಕಾರ್ಡ್‌ಗೆ 400 ಕೋಟಿ ಮುಗಿಸಲು ಒಂದು ಗಂಟೆ ಚಿಲ್ಲರೆ ಸಾಕು. 2021ರಲ್ಲಿ ಇಸ್ರೇಲ್‌ನ ಸಂಶೋಧಕರೊಬ್ಬರು ಟೆಲ್ ಅವೀವ್‌ನಲ್ಲಿ ಓಡಾಡಿ 5,000 ವೈಫೈಗಳ ಸಂಕೇತ ಸಂಗ್ರಹಿಸಿ, ಶೇ 70ರಷ್ಟನ್ನು ಭೇದಿಸಿ ತೋರಿಸಿದರು. ಅಲ್ಲೂ ಬಹಳಷ್ಟು ಜನರ ಪಾಸ್‌ವರ್ಡ್ ಮೊಬೈಲ್ ನಂಬರೇ ಆಗಿತ್ತು!

‘ಯಾರೋ ಸ್ವಲ್ಪ ನೆಟ್ ಬಳಸಿದರೆ ನಮ್ಮದೇನು ಗಂಟು ಹೋಯ್ತು?’ ಎಂಬುದು ಅಮ್ಮನ ಪ್ರಶ್ನೆ. ಹೋಗುವುದು ನೆಟ್ ಅಲ್ಲ, ನೆಮ್ಮದಿ. 2008ರ ಜುಲೈ 26ರಂದು ಅಹಮದಾಬಾದ್‌ನಲ್ಲಿ ಸರಣಿ ಬಾಂಬ್ ಸ್ಫೋಟವಾದಾಗ ಮಾಧ್ಯಮಗಳಿಗೆ ಬಂದ ಉಗ್ರರ ಇ–ಮೇಲ್‌ನ ಜಾಡು ಹಿಡಿದು ಪೊಲೀಸರು ತಲುಪಿದ್ದು ನವಿ ಮುಂಬೈನ ಒಂದು ಮನೆಗೆ. ಅಲ್ಲಿದ್ದ ಅಮೆರಿಕದ ಪ್ರಜೆಯ ವೈಫೈ ಭದ್ರವಾಗಿರಲಿಲ್ಲ. ಅದನ್ನು ಬಳಸಿಕೊಂಡವರು ಬೇರೆ, ವಿಚಾರಣೆ ಎದುರಿಸಿದ್ದು ಅವರು.

ಹಾಗೆಂದು ಮೇಲಿನ ಮನೆಯ ಹುಡುಗ ಆನ್‌ಲೈನ್ ಕ್ಲಾಸ್‌ಗೆ ವೈಫೈ ಕೇಳಿದರೆ ಇಲ್ಲ ಎನ್ನಬೇಕೇ? ಇಲ್ಲಿ ನಾನು ಅಮ್ಮನ ಪಕ್ಷ. ಈಗಿನ ಬಹುತೇಕ ರೂಟರ್‌ಗಳಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಇರುತ್ತದೆ. ಅದಕ್ಕೆ ಬೇರೆ ಪಾಸ್‌ವರ್ಡ್ ಇಟ್ಟು ಕೊಟ್ಟರೆ ಅವನ ಪಾಠವೂ ನಡೆಯುತ್ತದೆ, ನಮ್ಮ ಕಂಪ್ಯೂಟರ್, ಕ್ಯಾಮೆರಾಗಳೂ ಬೇರೆಯಾಗಿ ಉಳಿಯುತ್ತವೆ. ಆದರೆ ಅದರ ಬಳಕೆಯೂ ನಮ್ಮ ಹೆಸರಿನಲ್ಲೇ ದಾಖಲಾಗುವುದರಿಂದ ಪರಿಚಯದವರಿಗಷ್ಟೇ ಕೊಡಬೇಕು.

ಕಳೆದ ಭಾನುವಾರ ಕಾಫಿ ಕುಡಿಯುತ್ತಲೇ ಎಲ್ಲ ಮುಗಿಸಿದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿ ಪಾಸ್‌ವರ್ಡ್ ಮಾಡಿದೆ. ರೂಟರ್‌ನ ಸೆಟ್ಟಿಂಗ್ ತೆರೆಯುವ ‘ಅಡ್ಮಿನ್’ ಪಾಸ್‌ವರ್ಡ್ ಬದಲಿಸಿದೆ. ಸುಲಭವಾಗಿ ಭೇದಿಸಬಹುದಾದ ಡಬ್ಲ್ಯೂಪಿಎಸ್ ಸೌಲಭ್ಯವನ್ನು ಆಫ್ ಮಾಡಿ, ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದೆ. ಸೆಟ್ಟಿಂಗ್‌ನಲ್ಲಿ ಡಬ್ಲ್ಯೂಪಿಎ3 ಇತ್ತು, ಅದನ್ನೇ ಆರಿಸಿದೆ. ಹಳೆಯ ರೂಟರ್ ಆದರೆ ಡಬ್ಲ್ಯೂಪಿಎ2 ಕೂಡ ನಡೆಯುತ್ತದೆ, ಆದರೆ ಪಾಸ್‌ವರ್ಡ್ ಗಟ್ಟಿಯಾಗಿರಬೇಕು.

ತಪ್ಪು ಅಪ್ಪನದಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ. ಕನೆಕ್ಷನ್ ಕೊಡುವ ಕಂಪನಿಗಳು ಮೊಬೈಲ್ ನಂಬರ್ ಹಾಕಿಕೊಡುವುದನ್ನು ನಿಲ್ಲಿಸಿ, ಗ್ರಾಹಕರ ಎದುರೇ ಗಟ್ಟಿ ಪಾಸ್‌ವರ್ಡ್ ಹಾಕಿಸಬೇಕು. ಅಲ್ಲಿಯವರೆಗೆ ಈ ಕೆಲಸ ನಮ್ಮಂಥ ವಿದ್ಯಾರ್ಥಿಗಳದು. ನಮ್ಮ ಬೀದಿಯ ನಾಲ್ಕು ಮನೆಗಳಿಗೆ ಈ ವಾರ ಹೋಗುತ್ತಿದ್ದೇನೆ. ನೀವೂ ನಿಮ್ಮ ಮನೆಯಿಂದಲೇ ಶುರು ಮಾಡಬಹುದಲ್ಲವೇ?