ಮಡಿಲಿನದು ಮಡಿಲಿಗೆ, ಬಂಡಿಯದು ಬಂಡಿಗೆ

ನನ್ನ ಅಜ್ಜಿಯು ಜಾತ್ರೆಗೋ ಯಾತ್ರೆಗೋ ಎತ್ತಿನ ಬಂಡಿ ಕಟ್ಟಿಸಿಕೊಂಡು ಹೊರಡುವ ಮುನ್ನಾದಿನ, ಕೊಂಡೊಯ್ಯತಕ್ಕ ಸಾಮಾನುಗಳನ್ನೆಲ್ಲ ಜಗುಲಿಯ ಮೇಲೆ ಹರಡಿಕೊಂಡು ಕುಳಿತು, ಒಂದೊಂದನ್ನೂ ಕೈಗೆತ್ತಿಕೊಂಡು, ‘ಇದು ಮಡಿಲಿನದೋ, ಬಂಡಿಯದೋ’ ಎಂದು ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದಳು. ಯಾವುದು ಕಳೆದುಹೋದರೆ ಯಾತ್ರೆಯೇ ನಿಷ್ಫಲವಾಗುವುದೋ ಅದು, ಎಂದರೆ ಹಣದ ಸಂಚಿ, ತಾತನ ಗುಳಿಗೆಗಳು, ದೇವರಿಗೆ ಹರಸಿಕೊಂಡ ಬೆಳ್ಳಿಯ ಕಣ್ಣು, ಮಡಿಲಿಗೆ ಸೇರುತ್ತಿತ್ತು. ಚಾಪೆ, ಪಾತ್ರೆ, ಅಕ್ಕಿ, ಬೇಳೆಗಳು ಬಂಡಿಗೆ ಹೋಗುತ್ತಿದ್ದವು. ವಿಮಾನವನ್ನು ಕಣ್ಣಿನಿಂದ ಕಾಣದೆಯೇ ಕಾಲವಾದ ಆ ಮುದುಕಿಯ ವಿವೇಕವು, ಕ್ಯಾಮೆರಾ ಹೊತ್ತು ವಿಮಾನವೇರುವ ಇಂದಿನ ಛಾಯಾಗ್ರಾಹಕನಿಗೆ ಯಾವ ಕೈಪಿಡಿಗಿಂತಲೂ ಹೆಚ್ಚು ಉಪಯುಕ್ತವಾದುದೆಂಬುದನ್ನು ನಾನು ವಿಮಾನನಿಲ್ದಾಣದ ತಕ್ಕಡಿಯ ಮುಂದೆ ನಿಂತು, ಸ್ವಲ್ಪ ಅವಮಾನದೊಡನೆ, ಕಲಿಯಬೇಕಾಯಿತು.

ಈಚಿನ ಒಂದು ಫೆಬ್ರವರಿಯಲ್ಲಿ, ಹಿಮಚಿರತೆಯನ್ನು ದೂರದಿಂದಾದರೂ ಕಾಣಬೇಕೆಂಬ, ಭಾಗ್ಯವಿದ್ದರೆ ಅದರದೊಂದು ಚಿತ್ರವನ್ನೂ ತೆಗೆಯಬೇಕೆಂಬ ಬಹುಕಾಲದ ಆಸೆಯಿಂದ ನಾನು ಬೆಂಗಳೂರಿನಿಂದ ದೆಹಲಿಯ ಮಾರ್ಗವಾಗಿ ಲೇಹ್‌ಗೆ ಹೊರಟಿದ್ದೆನು. ಒಳದೇಶದ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ ವಿಧಿಸಿರುವ ಮಿತಿ 7 ಕೆಜಿ. ನನ್ನ ಚೀಲವನ್ನು ಇಟ್ಟೊಡನೆ ತಕ್ಕಡಿಯು 9.1 ಎಂದು ತೋರಿಸಿತು. ‘ಎರಡು ಕೆಜಿ ಕಮ್ಮಿ ಮಾಡಿ ಸರ್, ಇಲ್ಲದಿದ್ದರೆ ಬ್ಯಾಗನ್ನೇ ಚೆಕ್-ಇನ್ ಮಾಡಬೇಕಾಗುತ್ತೆ’ ಎಂದು ಅಲ್ಲಿದ್ದ ತರುಣಿಯು ವಿನಯದಿಂದಲೇ ಹೇಳಿದಳು. ಹಿಂದೆ ನಿಂತ ಸಾಲು ನಿಟ್ಟುಸಿರಿಡುತ್ತಿರಲು ನಾನು ನೆಲದ ಮೇಲೆ ಕುಳಿತು, ಚೀಲವನ್ನು ಬಿಚ್ಚಿ, ಉದ್ದದ ಲೆನ್ಸನ್ನು ಕೊರಳಿಗೆ ನೇತುಹಾಕಿಕೊಂಡು, ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡು ಎದ್ದೆನು. ತಕ್ಕಡಿಯು ಈಗ 5.6 ಎಂದಿತು, ಚೀಟಿ ಕಟ್ಟಲಾಯಿತು, ಎಲ್ಲರಿಗೂ ಸಮಾಧಾನವಾಯಿತು. ಅದೇ ಭಾರವು, ಅದೇ ದೇಹದ ಆಶ್ರಯದಲ್ಲಿ, ಅದೇ ವಿಮಾನವನ್ನು ಏರಿತೆಂಬ ಸಂಗತಿಯನ್ನು ಮಾತ್ರ ಯಾರೂ ಗಣನೆಗೆ ತಂದುಕೊಳ್ಳಲಿಲ್ಲ.

ಪ್ರಹಸನವು ಅಲ್ಲಿಗೇ ಮುಗಿಯಲಿಲ್ಲ. ವಿಮಾನದ ಬಾಗಿಲ ಬಳಿ, ತಲೆಯ ಮೇಲಣ ಗೂಡುಗಳು ತುಂಬಿಹೋಗಿವೆಯೆಂದೂ, ನನ್ನ ಚೀಲವು ಕೆಳಗಣ ಸರಕಿನ ಕೋಣೆಗೆ ಹೋಗತಕ್ಕದ್ದೆಂದೂ ಅಪ್ಪಣೆಯಾಯಿತು. ಅದನ್ನು ಒಪ್ಪಿಸುತ್ತಿರುವಾಗಲೇ, ಒಳಗೆ ಬ್ಯಾಟರಿಗಳಿದ್ದರೆ ಅವು ಕೆಳಕ್ಕೆ ಹೋಗಕೂಡದೆಂದು ಇನ್ನೊಂದು ಅಪ್ಪಣೆಯಾಯಿತು. ಬಿಡಿ ಬ್ಯಾಟರಿಗಳನ್ನು ಆಯ್ದು ಜೇಬುಗಳಿಗೆ ತುಂಬಿಕೊಂಡು ನಾನು ಮೇಲೆ ಕುಳಿತೆನು; ಎರಡು ಕ್ಯಾಮೆರಾಗಳು ಪೆಟ್ಟಿಗೆಗಳ ಅಡಿಯಲ್ಲಿ ಎಲ್ಲಿಯೋ ಮಲಗಿದವು.

ಬ್ಯಾಟರಿಯ ವಿಷಯದಲ್ಲಿ ಆಕ್ಷೇಪಿಸುವವನು ನಾನಲ್ಲ. ಲಿಥಿಯಂ-ಅಯಾನ್ ಬ್ಯಾಟರಿಯೊಂದು ಒಳಗಿನ ದೋಷದಿಂದಲೋ, ನಾಣ್ಯ ಬೀಗದ ಕೈಗಳು ಅದರ ಲೋಹದ ತುದಿಗಳಿಗೆ ತಗುಲಿದ್ದರಿಂದಲೋ ಕಾದು ಹೊತ್ತಿಕೊಂಡರೆ, ಪ್ರಯಾಣಿಕರ ನಡುವೆ ಅದು ತತ್‌ಕ್ಷಣ ಕಣ್ಣಿಗೆ ಬೀಳುತ್ತದೆ, ನೀರು ಸುರಿದು ತಣಿಸುವುದಕ್ಕೆ ಸಿಬ್ಬಂದಿಯೂ ಇರುತ್ತಾರೆ. ಕೆಳಗಿನ ಸರಕುಕೋಣೆಯಲ್ಲಾದರೋ, ಅಲ್ಲಿಯ ಹ್ಯಾಲಾನ್ ಅನಿಲವು ಜ್ವಾಲೆಯನ್ನು ಅಡಗಿಸೀತೇ ಹೊರತು, ಬ್ಯಾಟರಿಯ ಒಡಲಿನಲ್ಲಿ ಒಂದು ಕೋಶದಿಂದ ಇನ್ನೊಂದಕ್ಕೆ ಹಬ್ಬುವ ತಾಪವನ್ನು ತಡೆಯಲಾರದು. ಆದಕಾರಣವೇ ಬಿಡಿ ಬ್ಯಾಟರಿಗಳು ಕೈಚೀಲದಲ್ಲಿಯೇ ಇರತಕ್ಕದ್ದೆಂದು ಜಗತ್ತಿನಾದ್ಯಂತ ನಿಯಮವಿದೆ: 100 ವಾಟ್-ಗಂಟೆಯವರೆಗಿನವಕ್ಕೆ ಪ್ರತ್ಯೇಕ ಅನುಮತಿ ಬೇಡ, 100ರಿಂದ 160ರವರೆಗಿನವು ಎರಡನ್ನು ಮಾತ್ರ, ಅದೂ ವಿಮಾನಸಂಸ್ಥೆಯ ಒಪ್ಪಿಗೆ ಪಡೆದು, ಅದಕ್ಕೂ ಮೇಲ್ಪಟ್ಟವಕ್ಕೆ ಪ್ರವೇಶವೇ ಇಲ್ಲ. ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ವಾಟ್-ಗಂಟೆ ದೊರೆಯುತ್ತದೆ, 7.2 ವೋಲ್ಟಿನ, 2280 ಮಿಲಿಆಂಪಿಯರ್-ಗಂಟೆಯ ಕ್ಯಾಮೆರಾ ಬ್ಯಾಟರಿಯೊಂದರ ಲೆಕ್ಕ ಸುಮಾರು 16.4 ಆಗುವುದರಿಂದ, ತುದಿಗಳಿಗೆ ಟೇಪು ಅಂಟಿಸಿಯೋ ಮುಚ್ಚಳ ಹಾಕಿಯೋ ಇಟ್ಟುಕೊಂಡವನು ಅಂಜಬೇಕಾದದ್ದೇನೂ ಇಲ್ಲ.

ನನ್ನ ಆಕ್ಷೇಪವಿರುವುದು ಬೇರೆಡೆಯಲ್ಲಿ. ಬ್ಯಾಟರಿಯು ಕೈಯಲ್ಲಿಯೇ ಇರಲೆಂದು ಸುರಕ್ಷಾನಿಯಮವು ವಿಧಿಸುತ್ತದೆ. ಕ್ಯಾಮೆರಾ, ಲೆನ್ಸುಗಳಂಥ ಬೆಲೆಬಾಳುವ ಭಂಗುರ ವಸ್ತುಗಳನ್ನು ಕೆಳಗೆ ಹಾಕಬೇಡಿರೆಂದೂ, ಹಾಕಿದರೆ ತಾವು ಹೊಣೆಯಲ್ಲವೆಂದೂ ವಿಮಾನಸಂಸ್ಥೆಗಳ ಕರಾರುಪತ್ರಗಳು ಸಾಮಾನ್ಯವಾಗಿ ಸಣ್ಣಕ್ಷರಗಳಲ್ಲಿ ಸಾರುತ್ತವೆ. ಹೀಗೆ ಎರಡು ದಿಕ್ಕಿನಿಂದಲೂ ‘ಕೈಯಲ್ಲೇ ಇಟ್ಟುಕೊ’ ಎಂದು ಆಜ್ಞಾಪಿಸಿದ ಮೇಲೆ, ಮೂರನೆಯ ದಿಕ್ಕಿನಿಂದ ತಕ್ಕಡಿಯು ಬಂದು ‘ಏಕೆ ಇಟ್ಟುಕೊಂಡಿರುವೆ’ ಎಂದು ಗದರುತ್ತದೆ. ಅತ್ತ ದರಿ, ಇತ್ತ ಪುಲಿ ಎಂದರೆ ಇದೇ. ಮಡಿಲಿನಲ್ಲಿಯೇ ಇರಲೆಂದು ವಿಧಿಸಿದ ವಸ್ತುವು ಮಡಿಲಿನಲ್ಲಿರುವುದಕ್ಕಾಗಿ ದಂಡನೆಗೆ ಗುರಿಯಾಗಕೂಡದು ಎಂಬುದೇ ಈ ಬರಹದ ಸಾರಾಂಶ.

ಆದರೆ ಅನ್ಯರನ್ನು ಆಕ್ಷೇಪಿಸುವ ಮೊದಲು ನಮ್ಮ ಚೀಲವನ್ನು ನಾವೇ ಶೋಧಿಸಿಕೊಳ್ಳುವುದು ನ್ಯಾಯ. ಸ್ಯಾಮ್ಯುಯೆಲ್ ಬೋರ್ನ್ ಎಂಬ ಆಂಗ್ಲ ಛಾಯಾಗ್ರಾಹಕನು 1863ರಲ್ಲಿ ಶಿಮ್ಲಾದಿಂದ ಹಿಮಾಲಯದೊಳಕ್ಕೆ ಹೊರಟಾಗ, ಅವನ ಗಾಜಿನ ತಟ್ಟೆಗಳನ್ನೂ ರಸಾಯನಗಳನ್ನೂ ಕತ್ತಲೆಯ ಡೇರೆಯನ್ನೂ ಹೊರುವುದಕ್ಕೆ ಸುಮಾರು ಮೂವತ್ತು ಮಂದಿ ಕೂಲಿಗಳು ಬೇಕಾಗಿದ್ದರು. ಗಾಜಿಗೆ ಕೊಲೋಡಿಯನ್ ಲೇಪಿಸಿ, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಅದು ಆರುವುದರೊಳಗಾಗಿ ಚಿತ್ರವನ್ನು ಹಿಡಿದು ಅಲ್ಲಿಯೇ ಸಂಸ್ಕರಿಸಬೇಕಾಗಿದ್ದ ಕಾಲವದು; ಆ ಪರಿಕರದೊಡನೆಯೇ ಅವನು 1866ರಲ್ಲಿ 18,000 ಅಡಿಗೂ ಮೇಲ್ಪಟ್ಟ ಮಣಿರಂಗ್ ಕಣಿವೆದಾರಿಯನ್ನು ಏರಿ ಚಿತ್ರ ತೆಗೆದನು. ಅಂದು ಅಷ್ಟು ಭಾರವು ಅನಿವಾರ್ಯವಾಗಿದ್ದಿತು. ಬೆನ್ನು ಮಾತ್ರ ಪರರದಾಗಿದ್ದಿತು. ಇಂದು ಅದೇ ಹಿಮಾಲಯಕ್ಕೆ ಹೊರಟ ನಮ್ಮ ಹೊರೆಯು ಬಹುಮಟ್ಟಿಗೆ ಲೋಭದಿಂದ ಬಂದುದು. ‘ಇರಲಿ, ಬೇಕಾದೀತು’ ಎಂಬ ಎರಡು ಮಾತುಗಳಷ್ಟು ಭಾರವಾದ ಪದಾರ್ಥವನ್ನು ನಾನು ಬೇರೆ ಕಂಡಿಲ್ಲ.

ನನ್ನ ಚೀಲದ ಲೆಕ್ಕವನ್ನೇ ಒಪ್ಪಿಸುತ್ತೇನೆ. ಎರಡು ಕ್ಯಾಮೆರಾ ಬಾಡಿಗಳು 1.4 ಕೆಜಿ, 200-600 ಮಿಮೀ ಜೂಮ್ ಲೆನ್ಸು 2.1, ಸಾಧಾರಣ ದೃಶ್ಯಗಳಿಗೊಂದು ಚಿಕ್ಕ ಜೂಮ್ 0.7, ಬ್ಯಾಟರಿಗಳೂ ಚಾರ್ಜರೂ 0.5, ಬೈನಾಕ್ಯುಲರ್ 0.7, ಲ್ಯಾಪ್‌ಟಾಪ್ 1.4, ಇವೆಲ್ಲವನ್ನು ಹೊತ್ತ, ದಪ್ಪ ಮೆತ್ತೆಗಳ, ಅಂಗಡಿಯವನು ಬಹಳವಾಗಿ ಹೊಗಳಿ ಮಾರಿದ ಚೀಲವೇ 2.3. ಏಳು ಕೆಜಿಯಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಬರಿಯ ಚೀಲಕ್ಕೆ ಕಪ್ಪವಾಗಿ ತೆತ್ತು ಹೊರಟವನು ವಿಮಾನಸಂಸ್ಥೆಯನ್ನು ಬೈಯುವುದು ಹೇಗೆ? ಕಿಲೋಗ್ರಾಮಿನ ಆಸುಪಾಸಿನ ಸಾದಾ ಬೆನ್ನುಚೀಲವೊಂದರಲ್ಲಿ, ಲೆನ್ಸುಗಳನ್ನು ತೆಳುವಾದ ಮೆತ್ತೆಯಲ್ಲಿ ಸುತ್ತಿ ಇಟ್ಟಿದ್ದರೆ, ಬೈನಾಕ್ಯುಲರನ್ನು ಮೊದಲೇ ಕೊರಳಿಗೆ ಹಾಕಿಕೊಂಡಿದ್ದರೆ, ಲ್ಯಾಪ್‌ಟಾಪನ್ನು ಮನೆಯಲ್ಲಿಯೇ ಬಿಟ್ಟು ಒಂದೆರಡು ಕಾರ್ಡುಗಳನ್ನು ಹೆಚ್ಚಾಗಿ ತಂದಿದ್ದರೆ, ತಕ್ಕಡಿಯ ಮುಂದೆ ನಾನು ತಲೆಯೆತ್ತಿ ನಿಲ್ಲಬಹುದಾಗಿತ್ತು.

ಬಂಡಿಗೆ ಹೋಗತಕ್ಕವುಗಳ ಪಟ್ಟಿಯು ಇದಕ್ಕಿಂತ ಸುಲಭ. ಟ್ರೈಪಾಡನ್ನು, ಅದರ ತಲೆಯನ್ನು ಕಳಚಿ, ಉಣ್ಣೆಯ ಉಡುಪುಗಳ ನಡುವೆ ಹುದುಗಿಸಿ ಕೆಳಗೆ ಹಾಕಬಹುದು. ತಿರುಪುಳಿ, ಚಾಕು, ಅಲೆನ್ ಕೀಲಿಗಳು ಅಲ್ಲಿಯೇ ಇರತಕ್ಕವು. ನಿರುಪಾಯವಾಗಿ ಲೆನ್ಸೊಂದನ್ನು ಕೆಳಗೆ ಕಳುಹಿಸಬೇಕಾಗಿ ಬಂದರೆ, ಅದನ್ನು ಬಾಡಿಯಿಂದ ಬೇರ್ಪಡಿಸಿ, ಎರಡಕ್ಕೂ ಮುಚ್ಚಳ ಹಾಕಿ ಇಡತಕ್ಕದ್ದು. ಜೋಡಿಸಿಯೇ ಇಟ್ಟರೆ, ಪೆಟ್ಟಿಗೆಯು ಬಿದ್ದಾಗ ಅದರ ಆಘಾತವೆಲ್ಲವೂ ಅವೆರಡೂ ಕೂಡುವ ಬಳೆಯ ಮೇಲೆ ಬೀಳುತ್ತದೆ. ವನ್ಯಜೀವಿ ಛಾಯಾಗ್ರಾಹಕರು ಲೆನ್ಸಿಗೆ ಆಸರೆಯಾಗಿ ಬಳಸುವ ಬೀನ್ ಬ್ಯಾಗನ್ನಂತೂ ಖಾಲಿಯಾಗಿ ಒಯ್ದು, ಹೋದ ಊರಿನ ಪೇಟೆಯಲ್ಲಿ ಅಕ್ಕಿಯನ್ನೋ ಕಾಳನ್ನೋ ಕೊಂಡು ತುಂಬಿಸಿಕೊಳ್ಳುವುದು ಜಾಣತನ. ಇನ್ನು ಫಿಲ್ಮಿನ ವ್ಯಾಮೋಹವುಳ್ಳವರಿಗೆ ಒಂದು ಮಾತು: ಕೆಳಗೆ ಹೋಗುವ ಪೆಟ್ಟಿಗೆಗಳ ಎಕ್ಸ್-ರೇ ಪ್ರಬಲವಾದುದು, ಕೈಚೀಲಗಳಿಗೆ ಈಚೆಗೆ ಬರುತ್ತಿರುವ ಸಿಟಿ ಸ್ಕ್ಯಾನರುಗಳೂ ಫಿಲ್ಮನ್ನು ಮಂಕುಗೊಳಿಸುತ್ತವೆ, ಸುರುಳಿಗಳನ್ನು ಕೈಯಲ್ಲಿ ಹಿಡಿದು, ಕಣ್ಣಿನಿಂದಲೇ ಪರೀಕ್ಷಿಸಿರೆಂದು ಮೊದಲೇ ಕೇಳಿಕೊಳ್ಳತಕ್ಕದ್ದು. ಡಿಜಿಟಲ್ ಕಾರ್ಡುಗಳಿಗೆ ಈ ಭಯವಿಲ್ಲ.

ಭಾರದ ಮಿತಿಯೇ ಅನ್ಯಾಯವೆಂದು ನಾನು ಹೇಳಲಾರೆ. ಸುಮಾರು 10,700 ಅಡಿ ಎತ್ತರದಲ್ಲಿರುವ ಲೇಹ್ ನಿಲ್ದಾಣದ ತೆಳುಗಾಳಿಯಲ್ಲಿ ವಿಮಾನವು ಮೇಲೇಳುವುದಕ್ಕೆ ಹೆಚ್ಚು ಶ್ರಮಪಡಬೇಕಾಗುತ್ತದೆ. ಅಲ್ಲಿ ಪ್ರತಿಯೊಂದು ಕಿಲೋಗ್ರಾಮಿಗೂ ಅರ್ಥವಿದೆ. ಕೀನ್ಯಾದ ಮಸಾಯಿ ಮಾರಾಕ್ಕೆ ಹೋಗಿಬಂದ ಬೆಂಗಳೂರಿನ ಛಾಯಾಗ್ರಾಹಕರು ಈಗ ಹಲವರಿದ್ದಾರೆ. ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಹೊರಡುವ ಪುಟ್ಟ ವಿಮಾನಗಳ ಮಿತಿಯು, ಕೈಚೀಲ ಕ್ಯಾಮೆರಾಗಳೆಲ್ಲವೂ ಸೇರಿ, ಸಾಮಾನ್ಯವಾಗಿ 15 ಕೆಜಿ, ಅದೂ ಮೆದುವಾದ ಚೀಲಗಳಲ್ಲಿ. ಅದು ಕಠಿನವಾದ ನಿಯಮ, ಆದರೆ ಪ್ರಾಮಾಣಿಕವಾದುದು: ಎಲ್ಲವನ್ನೂ ಕೂಡಿಸಿ ತೂಗುತ್ತದೆ, ಮುಂಚಿತವಾಗಿಯೇ ತಿಳಿಸುತ್ತದೆ, ಹೆಚ್ಚು ಬೇಕಾದವನು ಇನ್ನೊಂದು ಆಸನದ ಹಣವನ್ನೇ ತೆತ್ತು ಉಪಕರಣಗಳನ್ನು ಒಯ್ಯುವುದಕ್ಕೂ ದಾರಿ ಬಿಟ್ಟಿರುತ್ತದೆ. ಚೀಲವನ್ನು ಮಾತ್ರ ತೂಗಿ ಕೊರಳನ್ನು ತೂಗದೆ ಬಿಡುವ ನಮ್ಮ ತಕ್ಕಡಿಗೆ ಆ ಪ್ರಾಮಾಣಿಕತೆಯಿಲ್ಲ. ಅದು ಪ್ರಯಾಣಿಕನಿಗೆ ವಿವೇಕದ ಬದಲು ಉಪಾಯವನ್ನು ಕಲಿಸುತ್ತದೆ, ಹತ್ತು ಜೇಬುಗಳ ಅಂಗಿಯನ್ನು ಹೊಲಿಸುತ್ತದೆ.

ಕೆಳಗೆ ಹಾಕಿದ ವಸ್ತು ಕಳೆದರೆ ದೊರೆಯುವ ಪರಿಹಾರದ ಮಾತನ್ನೂ ನೋಡಬೇಕು. ಅಂತಾರಾಷ್ಟ್ರೀಯ ಯಾನಗಳಿಗೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಸಾಮಾನು ಕಳೆದರೆ ವಿಮಾನಸಂಸ್ಥೆಯ ಹೊಣೆಯ ಮಿತಿಯು 2024ರ ಡಿಸೆಂಬರ್ ಕೊನೆಯಿಂದ ಒಬ್ಬ ಪ್ರಯಾಣಿಕನಿಗೆ 1,519 ಎಸ್‌ಡಿಆರ್ (ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕಮಾನ), ಎಂದರೆ ಒಂದೂ ಮುಕ್ಕಾಲು ಲಕ್ಷ ರೂಪಾಯಿಗಳ ಆಸುಪಾಸು. ಹೊರಡುವಾಗಲೇ ವಿಶೇಷ ಮೌಲ್ಯವನ್ನು ಘೋಷಿಸಿ ಶುಲ್ಕ ತೆತ್ತವನಿಗೆ ಮಾತ್ರ ಅದಕ್ಕಿಂತ ಹೆಚ್ಚು. ದೊಡ್ಡ ಟೆಲಿ ಲೆನ್ಸೊಂದರ ಬೆಲೆಯು ಹತ್ತು ಲಕ್ಷವನ್ನು ದಾಟಿರುವಾಗ ಇದು ಎಷ್ಟರ ಮಾತು! ಆದ್ದರಿಂದ ವಿಮೆ ಮಾಡಿಸುವುದೂ, ಉಪಕರಣಗಳ ಕ್ರಮಸಂಖ್ಯೆಗಳನ್ನು ಬರೆದಿಟ್ಟುಕೊಳ್ಳುವುದೂ, ಪರದೇಶಕ್ಕೆ ಹೊರಡುವವರು ನಿಲ್ದಾಣದ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರವನ್ನು ಪಡೆದು, ಮರಳಿ ಬರುವಾಗ ತಮ್ಮದೇ ಕ್ಯಾಮೆರಾಕ್ಕೆ ಸುಂಕ ತೆರುವ ಪ್ರಮೇಯವನ್ನು ತಪ್ಪಿಸಿಕೊಳ್ಳುವುದೂ ಅವಶ್ಯಕ.

ಪರಿಹಾರವು ಅಸಾಧ್ಯವಾದುದೇನಲ್ಲ, ಅದಕ್ಕೆ ಮೇಲ್ಪಂಕ್ತಿಯೂ ಉಂಟು. ಪಿಟೀಲು, ಗಿಟಾರುಗಳಂಥ ಚಿಕ್ಕ ವಾದ್ಯಗಳನ್ನು, ಪ್ರಯಾಣಿಕನು ವಿಮಾನವೇರುವ ಹೊತ್ತಿಗೆ ಸ್ಥಳವಿದ್ದರೆ, ಕೈಸಾಮಾನಾಗಿ ಒಪ್ಪಿಕೊಳ್ಳತಕ್ಕದ್ದೆಂದು ಅಮೆರಿಕವು 2012ರಲ್ಲಿ ಶಾಸನ ಮಾಡಿತು, 2015ರಿಂದ ಅದರ ನಿಯಮಗಳು ಜಾರಿಯಲ್ಲಿವೆ. ವೀಣೆ ತಂಬೂರಿಗಳನ್ನು ಹೊತ್ತು ಅಲೆಯುವ ನಮ್ಮ ವಿದ್ವಾಂಸರಿಗೂ, ಕ್ಯಾಮೆರಾವನ್ನೇ ಜೀವನೋಪಾಯವಾಗಿ ಉಳ್ಳವರಿಗೂ ಅಂಥದೊಂದು ನಿಯಮವು ನಮ್ಮಲ್ಲಿ ಏಕಿರಬಾರದು? ಪ್ರತಿಯೊಬ್ಬನಿಗೂ ಮೂರು ಕೆಜಿ ಹೆಚ್ಚು ಕೊಟ್ಟರೆ 180 ಜನರ ವಿಮಾನಕ್ಕೆ 540 ಕೆಜಿ ಹೆಚ್ಚಾದೀತೆಂದು ಆಕ್ಷೇಪ ಬರಬಹುದು. ನಾನು ಎಲ್ಲರಿಗೂ ಕೇಳುತ್ತಿಲ್ಲ, ಧರ್ಮಾರ್ಥವಾಗಿಯೂ ಕೇಳುತ್ತಿಲ್ಲ. ವೃತ್ತಿಯ ಭಂಗುರ ಉಪಕರಣಗಳಿಗೆಂದು ಮೂರು ಕೆಜಿಯ ಪ್ರತ್ಯೇಕ ಅವಕಾಶವನ್ನು, ಟಿಕೆಟ್ಟಿನೊಡನೆಯೇ ಶುಲ್ಕ ಪಡೆದು, ವಿಮಾನವೊಂದಕ್ಕೆ ಇಂತಿಷ್ಟೇ ಮಂದಿಗೆಂದು ಕೊಡಲಿ. ಹಾಗೆ ಪಡೆದವನ ಚೀಲವನ್ನೂ ಬಾಗಿಲ ಬಳಿ ಕೆಳಗೆ ಕಳುಹಿಸಲೇಬೇಕಾದರೆ, ಒಳಗಿರುವುದನ್ನು ಬರೆದು ರಸೀತಿ ಕೊಟ್ಟು, ಆದ ಹಾನಿಯ ಹೊಣೆಯನ್ನು ಹೊರಲಿ. ಮಡಿಲಿನಿಂದ ಕಿತ್ತುಕೊಂಡು ಬಂಡಿಗೆ ಹಾಕಿದವನು ಬಂಡಿಯನ್ನು ಕಾಯಬೇಕು. ಇದಕ್ಕಿಂತ ಸರಳವಾದ ನ್ಯಾಯವಿಲ್ಲ.

ನನ್ನ ಚೀಲವು ಲೇಹ್‌ನಲ್ಲಿ ಸುರಕ್ಷಿತವಾಗಿಯೇ ಕೈಸೇರಿತು. ಪೇಟೆಯಲ್ಲಿ ಎರಡೂವರೆ ಕೆಜಿ ಅಕ್ಕಿಯನ್ನು ಕೊಂಡು ಬೀನ್ ಬ್ಯಾಗಿಗೆ ತುಂಬಿಸಿ, ಹೆಮಿಸ್ ರಾಷ್ಟ್ರೀಯ ಉದ್ಯಾನದೊಳಗಣ ರುಂಬಕ್ ಗ್ರಾಮಕ್ಕೆ ಹೋದೆನು. ಚಳಿಯಲ್ಲಿ ಬ್ಯಾಟರಿಗಳ ಶಕ್ತಿಯು ಕುಂದುವುದರಿಂದ ಅವುಗಳನ್ನು ಒಳಗಿನ ಜೇಬಿನಲ್ಲಿ ಮೈಗೆ ಒತ್ತಿಕೊಂಡೂ, ಸಂಜೆ ಬೆಚ್ಚನೆಯ ಕೋಣೆಗೆ ಬರುವ ಮೊದಲು, ಇಬ್ಬನಿ ಹಿಡಿಯದಂತೆ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದುಕೊಂಡೂ ಏಳು ದಿನ ಕಳೆದೆನು. ಐದನೆಯ ದಿನ, ಎದುರು ಬೆಟ್ಟದ ಬಂಡೆಯ ಮೇಲೆ ಬಂಡೆಯ ಬಣ್ಣದ್ದೇ ಆದ ಒಂದು ಬಾಲವು ಅಲುಗಿತು. ಕಲ್ಲುಗೋಡೆಯ ಮೇಲೆ ಅಕ್ಕಿಯ ಚೀಲ, ಅದರ ಮೇಲೆ ಲೆನ್ಸು, ಅದರ ಹಿಂದೆ ನಾನು. ಆ ಏಳು ದಿನಗಳಲ್ಲಿ ಎರಡನೆಯ ಬಾಡಿಯಾಗಲಿ ಲ್ಯಾಪ್‌ಟಾಪಾಗಲಿ ಒಮ್ಮೆಯೂ ಹೊರಬರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಹೊರಡುವ ದಿನ ಬೀನ್ ಬ್ಯಾಗಿನ ಹೊಲಿಗೆಯನ್ನು ಬಿಚ್ಚಿ, ಅಕ್ಕಿಯನ್ನು ನಾನಿದ್ದ ಮನೆಯ ಅಮಾಲೆಗೆ, ಎಂದರೆ ಮನೆಯ ತಾಯಿಗೆ, ಕೊಟ್ಟೆನು. ಹಿಮಚಿರತೆಗೆಂದು ಅಕ್ಕಿ ಹೊತ್ತು ಬಂದವನೆಂದು ಆಕೆ ನಕ್ಕು, ಹಿತ್ತಾಳೆಯ ಪಾತ್ರೆಯೊಂದನ್ನು ತಂದು ಹಿಡಿದಳು. ನಮ್ಮಲ್ಲಿ ತವರಿನಿಂದ ಹೊರಡುವ ಮಗಳಿಗೆ ಮಡಿಲಕ್ಕಿ ಕಟ್ಟುವರು. ಅಲ್ಲಿ ಹೊರಟವನೇ ಮಡಿಲಕ್ಕಿಯನ್ನು ಸುರಿದು ಬಂದಂತಾಯಿತು. ಖಾಲಿ ಚೀಲವನ್ನು ಮಡಿಸಿ ಪೆಟ್ಟಿಗೆಗೆ ಹಾಕಿ, ಚಿತ್ರಗಳ ಕಾರ್ಡನ್ನು ಅಂಗಿಯ ಒಳಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡೆನು.