ಜೀವಕೋಶವೆಂಬ ಅಮಾನತ್ತು ಮತ್ತು ನಮ್ಮ ಗುಟ್ಕಾ ಚಟ

ಮಾನವ ಶರೀರದ ಒಂದೊಂದು ಜೀವಕೋಶದಲ್ಲಿಯೂ ದಿನವೊಂದಕ್ಕೆ ಸಾವಿರಾರು ಬಾರಿ ಡಿಎನ್‌ಎಗೆ ಹಾನಿಯಾಗುತ್ತದೆ. ಬಿಸಿಲು, ಹೊಗೆಗಳಷ್ಟೇ ಏಕೆ, ನಾವು ಉಸಿರಾಡುವ ಆಮ್ಲಜನಕದಿಂದಲೂ ಅದಕ್ಕೆ ಪೆಟ್ಟು ಬೀಳುತ್ತದೆ. ಆದರೂ ನಾವು ದಶಕಗಳ ಕಾಲ ಬಾಳುತ್ತೇವೆ. ಸೃಷ್ಟಿಕರ್ತನು ಜೀವಕೋಶದೊಳಗೇ ದುರಸ್ತಿಯ ವ್ಯವಸ್ಥೆಯನ್ನು ಇರಿಸಿರುವುದೇ ಇದಕ್ಕೆ ಕಾರಣ.

ಈ ದುರಸ್ತಿಯ ಬಗೆಯನ್ನು ವಿವರಿಸಿದ್ದಕ್ಕಾಗಿ ಥಾಮಸ್ ಲಿಂಡಾಲ್, ಪಾಲ್ ಮಾಡ್ರಿಚ್ ಮತ್ತು ಅಜೀಜ್ ಸಂಜರ್ ಅವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಸಂಜರ್ ಅವರು ಟರ್ಕಿಯ ಸವೂರ್ ಎಂಬ ಸಣ್ಣ ಊರಿನ ರೈತ ಕುಟುಂಬದವರು. ಬಿಸಿಲಿನ ಅತಿನೇರಳೆ ಕಿರಣಗಳಿಂದಾದ ಹಾನಿಯನ್ನು ಜೀವಕೋಶವು ಹೇಗೆ ಸರಿಪಡಿಸುತ್ತದೆಂದು ಅವರು ತೋರಿಸಿದರು. ಒಡೆದ ಫರ್ಸಿಯನ್ನು ಕಿತ್ತು ಅದೇ ಅಳತೆಯದನ್ನು ಕೂರಿಸುವಂತೆ, ಕೆಟ್ಟ ತುಣುಕನ್ನು ಕತ್ತರಿಸಿ, ಎದುರಿನ ಎಳೆಯನ್ನು ನೋಡಿ ಹೊಸ ತುಣುಕನ್ನು ತುಂಬಲಾಗುತ್ತದೆ. ಹಾನಿ ಹೆಚ್ಚಾದರೆ ಪಿ53 ಎಂಬ ಪ್ರೋಟೀನು ಜೀವಕೋಶದ ವಿಭಜನೆಯನ್ನು ತಡೆದು ದುರಸ್ತಿಗೆ ಅವಕಾಶ ಕೊಡುತ್ತದೆ. ಸರಿಪಡಿಸಲಾಗದಿದ್ದರೆ ಆ ಕೋಶವು ತಾನೇ ಸಾಯುವಂತೆ ಮಾಡುತ್ತದೆ. ಕೆಟ್ಟ ಬರಹವು ಮುಂದಿನ ಕೋಶಗಳಿಗೆ ದಾಟದಿರಲೆಂಬುದೇ ಇದರ ಉದ್ದೇಶ.

ಆದರೆ ಈ ಕಾವಲಿಗೂ ಮಿತಿಯಿದೆ. ತಂಬಾಕಿನ ವಿಷವು ಪ್ರತಿದಿನ, ಗಂಟೆಗಟ್ಟಲೆ, ಕೆನ್ನೆಯ ಒಂದೇ ಜಾಗಕ್ಕೆ ತಾಗುತ್ತಿದ್ದರೆ ದುರಸ್ತಿಯಾಗದ ತಪ್ಪುಗಳು ಉಳಿಯುತ್ತವೆ. ಕೆಲವೊಮ್ಮೆ ಪಿ53ರ ಜೀನೇ ಕೆಡುತ್ತದೆ. ಕಾವಲುಗಾರನಿಲ್ಲದ ಕೋಶವು ಮುಂದೆ ಕ್ಯಾನ್ಸರ್ ಆಗಬಲ್ಲದು.

ಶಹಾಬಾದ್, ವಾಡಿ, ಚಿತ್ತಾಪುರಗಳ ಫರ್ಸಿ ಗಣಿಗಳಲ್ಲಿ, ಸೇಡಂನ ಸಿಮೆಂಟ್ ಕಾರ್ಖಾನೆಗಳ ಸುತ್ತ, ಚಿಂಚೋಳಿಯ ತೊಗರಿ ಹೊಲಗಳಲ್ಲಿ ದುಡಿಯುವವರು ದಣಿವು ಮರೆಯಲು ತಂಬಾಕು-ಸುಣ್ಣ ತಿಕ್ಕುವುದನ್ನು ನಾವು ಬಲ್ಲೆವು. ಕರ್ನಾಟಕದಲ್ಲಿ 2013ರಲ್ಲಿಯೇ ಗುಟ್ಕಾ ನಿಷೇಧವಾಯಿತು. ಆದರೂ ಪಾನ್ ಮಸಾಲಾ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ ದೊರೆಯುತ್ತದೆ. ಬೆರೆಸುವ ಕೆಲಸ ಮಾತ್ರ ಕೊಳ್ಳುವವನದು. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಸಾರಿದೆ.

ಶರೀರವು ನಮ್ಮ ಸ್ವತ್ತಲ್ಲ, ಅಲ್ಲಾಹನು ಒಪ್ಪಿಸಿದ ಅಮಾನತ್ತು ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಹಾಗಿರುವಾಗ ನಿಕಾಹ್‌ನ ಊಟದ ನಂತರ ಜರ್ದಾ ಪಾನ್ ಹಂಚುವುದು ಯಾವ ನ್ಯಾಯ? ಮಸೀದಿ ಸಮಿತಿಗಳು ಜುಮಾದ ದಿನ ಈ ಮಾತನ್ನು ಎತ್ತಬೇಕು. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆಯಿದ್ದರೆ, ಎರಡು ವಾರಗಳಾದರೂ ಮಾಯದ ಹುಣ್ಣಿದ್ದರೆ, ಬಾಯಿ ತೆರೆಯುವುದು ಕಷ್ಟವಾದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ತವಕ್ಕುಲ್ ಎಂದರೆ ಕೈಕಟ್ಟಿ ಕೂರುವುದಲ್ಲ. ನಮ್ಮೊಳಗಿನ ಕೋಟ್ಯಂತರ ಕೋಶಗಳು ಹಗಲಿರುಳು ದುರಸ್ತಿಯಲ್ಲಿ ತೊಡಗಿರುವಾಗ, ಅವುಗಳ ಹೊರೆಯನ್ನು ಹೆಚ್ಚಿಸದಿರುವುದಾದರೂ ನಮ್ಮಿಂದ ಆಗಲಿ.